ಆಂಪ್ ಮಾರುವ ಮೊದಲು ಸ್ಪೀಕರ್ ಬದಲಿಸಿ ನೋಡಿ: ಗಿಟಾರ್ ಕ್ಯಾಬ್‌ಗೆ ಸ್ಪೀಕರ್ ಆರಿಸುವುದು ಹೇಗೆ

ನನ್ನ 20 ವ್ಯಾಟ್ ವಾಲ್ವ್ ಆಂಪ್‌ನ (ಗಾಜಿನ ವಾಲ್ವ್‌ಗಳಿಂದ ನಡೆಯುವ ಗಿಟಾರ್ ಆಂಪ್ಲಿಫೈಯರ್) ಸದ್ದು ಎರಡು ವರ್ಷ ನನಗೆ ಹಿಡಿಸಲೇ ಇಲ್ಲ. ಟ್ರೆಬಲ್ ಎಷ್ಟು ಇಳಿಸಿದರೂ ತೆಳು ತಂತಿಗಳು ಕಿವಿಗೆ ಚುಚ್ಚುತ್ತಿದ್ದವು, ದಪ್ಪ ತಂತಿ ಮೀಟಿದರೆ ಖಾಲಿ ಡಬ್ಬ ಬಡಿದ ಹಾಗೆ. ಪೆಡಲ್ ಬದಲಿಸಿದೆ, ಪಿಕಪ್ ಬದಲಿಸಿದೆ, ವಾಲ್ವ್‌ಗಳನ್ನೂ ಬದಲಿಸಿದೆ. ದುಡ್ಡು ಹೋಯಿತೇ ಹೊರತು ಆ ಚುಚ್ಚು ಹೋಗಲಿಲ್ಲ. ಒಂದು ಭಾನುವಾರ ಬ್ಯಾಂಡ್‌ಗಳು ಅಭ್ಯಾಸ ಮಾಡುವ ಜಾಮ್ ರೂಮಿನಲ್ಲಿ ಯಾರದ್ದೋ ಕ್ಯಾಬ್, ಅಂದರೆ ಸ್ಪೀಕರ್ ಕೂರಿಸಿದ ಪೆಟ್ಟಿಗೆ, ಸುಮ್ನೆ ನಿಂತಿತ್ತು. ಅವರನ್ನು ಕೇಳಿ, ನನ್ನ ಆಂಪ್‌ನಿಂದ ಅದಕ್ಕೆ ವೈರ್ ಕೊಟ್ಟು ಒಂದು ಇ ಕಾರ್ಡ್ ಹೊಡೆದೆ. ನಾಬ್ ಒಂದನ್ನೂ ಮುಟ್ಟಿರಲಿಲ್ಲ. ಅದೇ ಗಿಟಾರ್, ಅದೇ ಬೆರಳು, ಆದರೆ ಎರಡು ವರ್ಷದಿಂದ ನಾನು ಹುಡುಕುತ್ತಿದ್ದ ಸದ್ದು ಆ ಪೆಟ್ಟಿಗೆಯಿಂದ ಹೊರಗೆ ಬಂತು.

ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಸದ್ದು ಹಿಡಿಸದಿದ್ದರೆ ಮೊದಲು ಸ್ಪೀಕರ್ ಕಡೆ ನೋಡಿ. ನೋಡುವಾಗ "ಯಾವ ಸ್ಪೀಕರ್ ಬೆಸ್ಟ್" ಅಂತ ಹುಡುಕಬೇಡಿ, "ನನ್ನ ಸದ್ದಿನಲ್ಲಿ ಏನು ಜಾಸ್ತಿ ಇದೆ, ಏನು ಕಡಿಮೆ ಇದೆ" ಅಂತ ಹುಡುಕಿ. ಓಮ್, ವ್ಯಾಟ್, ಡೆಸಿಬೆಲ್ ಅನ್ನುವ ಅಂಕಿಗಳು ಯಾವುದನ್ನು ಕೊಳ್ಳಬಾರದು ಅಂತ ಹೇಳುತ್ತವೆ. ಯಾವುದನ್ನು ಕೊಳ್ಳಬೇಕು ಅನ್ನುವುದನ್ನು ನಿಮ್ಮ ಕಿವಿಯೇ ಹೇಳಬೇಕು.

ಗಿಟಾರ್ ಸ್ಪೀಕರ್ ಯಾಕೆ ಬೇರೆ

ಮನೆಯ ಮ್ಯೂಸಿಕ್ ಸಿಸ್ಟಮ್‌ನ ಸ್ಪೀಕರ್ ಕೊಟ್ಟದ್ದನ್ನು ಕೊಟ್ಟ ಹಾಗೆ ಕೇಳಿಸಬೇಕು. ಗಿಟಾರ್ ಸ್ಪೀಕರ್‌ನ ಕೆಲಸ ಅದಲ್ಲ. ಅದು ಸುಮಾರು 70-80 ಹರ್ಟ್ಸ್‌ನಿಂದ 5,000 ಹರ್ಟ್ಸ್ ತನಕ ಹಾಡಿ, ಅದರಾಚೆ ಕೈಬಿಡುತ್ತದೆ. ಆ ಕೈಬಿಡುವುದೇ ನಮಗೆ ಬೇಕಾದದ್ದು. ಡಿಸ್ಟಾರ್ಷನ್ (ಬೇಕೆಂದೇ ಸದ್ದು ಒಡೆಯುವುದು) ಹಾಕಿದಾಗ ಮೇಲುಮೇಲಕ್ಕೆ ಹುಟ್ಟುವ ಕಿರಿಕಿರಿ ಅಲ್ಲೇ ಸೋಸಿ ಹೋಗುತ್ತದೆ. ನಮ್ಮೂರ ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಗಿಟಾರ್ ಹುಡುಗ ಡಿಸ್ಟಾರ್ಷನ್ ಪೆಡಲ್ಲನ್ನು ನೇರ ಮಿಕ್ಸರ್‌ಗೆ ಕೊಟ್ಟು ನುಡಿಸಿದ್ದನ್ನು ನೀವೂ ಕೇಳಿರಬಹುದು, ಬೆಂಕಿಪೊಟ್ಟಣದಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ ಇರುತ್ತದೆ. ಹುಡುಗನ ಕೈಯಲ್ಲಿ ತಪ್ಪಿಲ್ಲ. ಸಭೆಗೆ ಕೇಳಿಸಲು ಇಡುವ ಪಿಎ ಸ್ಪೀಕರ್ ಆ ಕಿರಿಕಿರಿಯನ್ನೆಲ್ಲ ಪ್ರಾಮಾಣಿಕವಾಗಿ ಜನರ ಕಿವಿಗೆ ಮುಟ್ಟಿಸಿತು, ಅಷ್ಟೆ.

ಇನ್ನೊಂದು ವಿಷಯ, ಸ್ಪೀಕರ್‌ನಲ್ಲಿ ನಡುಗಿ ಸದ್ದು ಮಾಡುವ ಕಾಗದದ ಕೋನ್. ಕಡಿಮೆ ಶ್ರುತಿಯಲ್ಲಿ ಅದು ಇಡಿಯಾಗಿ ಹಿಂದೆ ಮುಂದೆ ಓಡಾಡುತ್ತದೆ. ಶ್ರುತಿ ಏರಿದ ಹಾಗೆ ಕೋನ್‌ನ ಒಂದೊಂದು ಭಾಗ ತನ್ನದೇ ರೀತಿ ನಡುಗತೊಡಗುತ್ತದೆ. ಹೈಫೈ ಸ್ಪೀಕರ್ ಮಾಡುವವರು ಇದನ್ನು ದೋಷ ಅಂತ ತಡೆಯುತ್ತಾರೆ, ಗಿಟಾರ್ ಸ್ಪೀಕರ್ ಮಾಡುವವರು ಇದನ್ನೇ ಸ್ವರ ಅಂತ ಸಾಕುತ್ತಾರೆ. ಒಂದೇ ಅಳತೆಯ, ಒಂದೇ ವ್ಯಾಟ್‌ನ ಎರಡು ಸ್ಪೀಕರ್‌ಗಳು ಇಬ್ಬರು ಹಾಡುಗಾರರಷ್ಟು ಬೇರೆಯಾಗಿ ಕೇಳಿಸಲು ಮುಖ್ಯ ಕಾರಣವೇ ಈ ಕೋನ್. ಅದಕ್ಕೇ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 12 ಇಂಚಿನ ಪಿಎ ವೂಫರ್ ತಂದು ಗಿಟಾರ್ ಕ್ಯಾಬ್‌ಗೆ ಕೂರಿಸಬೇಡಿ. ಸದ್ದು ಬರುತ್ತದೆ, ಆದರೆ ಕಂಬಳಿ ಹೊದಿಸಿದ ಹಾಗೆ ಮಂಕಾಗಿರುತ್ತದೆ. ಹಾಗೆಯೇ ಗಿಟಾರ್ ಸ್ಪೀಕರ್‌ಗೆ ಬೇಸ್ ಗಿಟಾರ್ ಹಾಕಿ ಜೋರಾಗಿ ನುಡಿಸಬೇಡಿ, ಅಷ್ಟು ದೂರ ಓಡಾಡಲು ಆ ಕೋನ್ ಮಾಡಿದ್ದಲ್ಲ.

ಮೊದಲು ಓಮ್, ಆಮೇಲೆ ಉಳಿದದ್ದು

ಇಲ್ಲಿ ತಪ್ಪಿದರೆ ಆಂಪ್ ಸುಟ್ಟುಹೋಗಬಹುದು, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ಗಿಟಾರ್ ಸ್ಪೀಕರ್‌ಗಳು ಸಾಮಾನ್ಯವಾಗಿ 8 ಅಥವಾ 16 ಓಮ್‌ನಲ್ಲಿ ಬರುತ್ತವೆ, ಕೆಲವು 4ರಲ್ಲೂ ಇವೆ. ನಿಮ್ಮದು ವಾಲ್ವ್ ಆಂಪ್ ಆದರೆ ಅದರ ಹಿಂದೆ ಸ್ಪೀಕರ್ ಜಾಕ್‌ನ ಪಕ್ಕ ಏನು ಬರೆದಿದೆಯೋ ಅಷ್ಟೇ ಓಮ್‌ನ ಕ್ಯಾಬ್ ಹಾಕಿ. ಎಂಟಕ್ಕೆ ಎಂಟು, ಹದಿನಾರಕ್ಕೆ ಹದಿನಾರು. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಆನ್ ಮಾಡಿ ನುಡಿಸುವುದಂತೂ ಬೇಡವೇ ಬೇಡ, ಸ್ಪೀಕರ್‌ಗೆ ಪವರ್ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಆಂಪ್‌ನಲ್ಲಿ ದುಬಾರಿ ಭಾಗಗಳಲ್ಲಿ ಅದೂ ಒಂದು. ಟ್ರಾನ್ಸಿಸ್ಟರ್ ಆಂಪ್‌ನ ಲೆಕ್ಕ ಬೇರೆ. ಅದರಲ್ಲಿ "ಕನಿಷ್ಠ 4 ಓಮ್" ಅಂತ ಇದ್ದರೆ 8 ಅಥವಾ 16 ಹಾಕಬಹುದು, ಪ್ರತಿ ಸಲ ಓಮ್ ದುಪ್ಪಟ್ಟಾದಾಗ ಪವರ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಬರೆದಿದ್ದಕ್ಕಿಂತ ಕೆಳಗೆ ಹೋಗುವ ಹಾಗಿಲ್ಲ.

ಎರಡು ಸ್ಪೀಕರ್ ಇದ್ದರೆ ಲೆಕ್ಕ ಹೀಗೆ. 16 ಓಮ್‌ನ ಎರಡನ್ನು ಪ್ಯಾರಲಲ್‌ನಲ್ಲಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದರೆ 8. 8 ಓಮ್‌ನ ಎರಡನ್ನು ಪ್ಯಾರಲಲ್‌ನಲ್ಲಿ ಜೋಡಿಸಿದರೆ 4, ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಜೋಡಿಸಿದರೆ 16. ನಾಲ್ಕು ಸ್ಪೀಕರ್‌ನ ದೊಡ್ಡ ಕ್ಯಾಬ್‌ನಲ್ಲಿ ಸೀರೀಸ್ ಪ್ಯಾರಲಲ್ ಎರಡೂ ಸೇರಿಸಿರುತ್ತಾರೆ, ಆಗ 16ರ ನಾಲ್ಕು ಸೇರಿ 16 ಆಗಿಯೇ ಉಳಿಯುತ್ತದೆ. ಸೀರೀಸ್‌ನಲ್ಲಿ ಒಂದು ಸ್ಪೀಕರ್ ಸತ್ತರೆ ಎರಡೂ ಮೌನ. ಪ್ಯಾರಲಲ್‌ನಲ್ಲಿ ಇನ್ನೊಂದು ನುಡಿಯುತ್ತಲೇ ಇರುತ್ತದೆ, ಆದರೆ ಆಂಪ್‌ಗೆ ಕಾಣುವ ಓಮ್ ದುಪ್ಪಟ್ಟಾಗಿರುತ್ತದೆ. ಶೋ ನಡುವೆ ಸದ್ದು ದಿಢೀರ್ ಅರ್ಧವಾದರೆ ಇದನ್ನು ನೆನಪಿಸಿಕೊಂಡು ಆಂಪ್ ಆಫ್ ಮಾಡಿ.

ಒಂದೇ ಸ್ಪೀಕರ್ ಕೊಳ್ಳುತ್ತಿದ್ದೀರಿ, ನಿಮ್ಮ ಆಂಪ್‌ನಲ್ಲಿ 8 ಮತ್ತು 16 ಎರಡೂ ಜಾಕ್ ಇವೆ ಅಂದರೆ ನಾನು 16 ತಗೊಳ್ಳಿ ಅನ್ನುತ್ತೇನೆ. ನಾಳೆ ಇನ್ನೊಂದು 16ರ ಕ್ಯಾಬ್ ಸೇರಿಸಿದರೆ ಎರಡೂ ಸೇರಿ 8 ಆಗುತ್ತದೆ, ತಲೆನೋವಿಲ್ಲ. ಆಂಪ್‌ನಲ್ಲಿ 8 ಮಾತ್ರ ಇದ್ದರೆ ಯೋಚನೆಯೇ ಇಲ್ಲ, 8.

ಕ್ಯಾಬ್ ಮೇಲೆ ಅಂಟಿಸಿದ ಚೀಟಿಯನ್ನು ನಂಬಬೇಡಿ. ನಾನು ಸೆಕೆಂಡ್‌ಹ್ಯಾಂಡ್‌ನಲ್ಲಿ ತಂದ ಒಂದು ಕ್ಯಾಬ್ ಮೇಲೆ ದೊಡ್ಡದಾಗಿ 8 ಓಮ್ ಅಂತ ಇತ್ತು, ಮಾರಿದವರೂ ಹಾಗೇ ಹೇಳಿದ್ದರು. ಮನೆಗೆ ಬಂದು ಕ್ಯಾಬ್‌ಗೆ ಸ್ಪೀಕರ್ ಕೇಬಲ್ ಚುಚ್ಚಿ, ಇನ್ನೊಂದು ತುದಿಯ ಜಾಕ್‌ನ ಮೂತಿಗೆ ಮಲ್ಟಿಮೀಟರ್‌ನ ಕೆಂಪು ಕಡ್ಡಿ, ಬುಡಕ್ಕೆ ಕಪ್ಪು ಕಡ್ಡಿ ಇಟ್ಟೆ. ಮೀಟರ್ 13 ತೋರಿಸಿತು. ಮೀಟರ್ ಅಳೆಯುವುದು ಕೋನ್‌ನ ಬುಡದಲ್ಲಿರುವ ಸುರುಳಿಯ ಬರಿ ತಂತಿಯನ್ನು, ಅದಕ್ಕೇ ಅದು ಯಾವಾಗಲೂ ಬರೆದ ಓಮ್‌ಗಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. 8ರದ್ದು ಸುಮಾರು 6ರಿಂದ 7, 16ರದ್ದು ಸುಮಾರು 12ರಿಂದ 14, 4ರದ್ದು ಮೂರರ ಆಸುಪಾಸು. ನನ್ನ ಮೀಟರ್‌ನಲ್ಲಿ 13 ಬಂದಿತ್ತು, ಅಂದರೆ ಒಳಗಿದ್ದದ್ದು 16. ಯಾರೋ ಹಿಂದೆ ಸ್ಪೀಕರ್ ಬದಲಿಸಿ ಚೀಟಿ ಹಾಗೇ ಬಿಟ್ಟಿದ್ದರು. ಮೀಟರ್ ಹಿಡಿದು ಅರ್ಧ ನಿಮಿಷ ಖರ್ಚು ಮಾಡಿದ್ದಕ್ಕೆ ಆಂಪ್ ಉಳಿಯಿತು ಅಂತಲೇ ನಾನು ಅಂದುಕೊಂಡಿದ್ದೇನೆ. ಮೀಟರ್ ದುಬಾರಿ ಆಗಿರಬೇಕಿಲ್ಲ, ಇದ್ದರೆ ಸಾಕು.

ವ್ಯಾಟ್ ಅಂದರೆ ಸದ್ದಲ್ಲ

100 ವ್ಯಾಟ್ ಸ್ಪೀಕರ್ 25 ವ್ಯಾಟ್ ಸ್ಪೀಕರ್‌ಗಿಂತ ಜೋರು ಅಂತ ತುಂಬಾ ಜನ ನಂಬಿದ್ದಾರೆ. ಸ್ಪೀಕರ್ ಮೇಲಿನ ವ್ಯಾಟ್ ಸೇತುವೆಯ ಮೇಲೆ "ಇಷ್ಟು ಟನ್‌ಗಿಂತ ಜಾಸ್ತಿ ಭಾರ ಬೇಡ" ಅಂತ ಹಾಕಿರುವ ಬೋರ್ಡಿನ ಹಾಗೆ. ಎಷ್ಟು ತಡೆಯುತ್ತದೆ ಅಂತ ಮಾತ್ರ ಹೇಳುತ್ತದೆ.

ಆಂಪ್‌ನ ವ್ಯಾಟ್‌ಗಿಂತ ಸ್ಪೀಕರ್‌ನ ವ್ಯಾಟ್ ಜಾಸ್ತಿ ಇರಬೇಕು. ಎಷ್ಟು ಜಾಸ್ತಿ? ವಾಲ್ವ್ ಆಂಪ್‌ನ 20 ವ್ಯಾಟ್ ಅನ್ನುವುದು ಸದ್ದು ಒಡೆಯುವ ಮುಂಚಿನ ಲೆಕ್ಕ. ವಾಲ್ಯೂಮ್ ಪೂರ್ತಿ ತಿರುಗಿಸಿ ಒಡೆದು ನುಡಿಸಿದರೆ ಅದಕ್ಕಿಂತ ಸಾಕಷ್ಟು ಜಾಸ್ತಿ ಹೊರಗೆ ಬರುತ್ತದೆ. ಹಾಗಾಗಿ ಒಂದೇ ಸ್ಪೀಕರ್‌ನ ಕ್ಯಾಬ್ ಆದರೆ ನಾನು ಒಂದೂವರೆ ಪಟ್ಟಿನಿಂದ ಎರಡು ಪಟ್ಟು ನೋಡುತ್ತೇನೆ. ವೋಕ್ಸ್ ಕಂಪನಿಯ 15 ವ್ಯಾಟ್‌ನ ಎಸಿ15 ಆಂಪ್‌ನಲ್ಲಿ 25 ವ್ಯಾಟ್‌ನ ಗ್ರೀನ್‌ಬ್ಯಾಕ್ ಸ್ಪೀಕರ್ ಇರುವುದು ಇದೇ ಲೆಕ್ಕಕ್ಕೆ ಕೂರುತ್ತದೆ. ಎರಡು ಸ್ಪೀಕರ್ ಇದ್ದರೆ ಭಾರ ಅರ್ಧರ್ಧ ಹಂಚಿಹೋಗುತ್ತದೆ, ಎಸಿ30ರ 30 ವ್ಯಾಟನ್ನು ಸೆಲೆಷನ್ ಕಂಪನಿಯ 15 ವ್ಯಾಟ್‌ನ ಎರಡು ಬ್ಲೂ ಸ್ಪೀಕರ್‌ಗಳು ಅಂಚಿನಲ್ಲೇ ಹೊತ್ತವು. ಕ್ವೀನ್ ಬ್ಯಾಂಡಿನ ಗಿಟಾರಿಸ್ಟ್ ಬ್ರಯಾನ್ ಮೇ ಸಾಲುಸಾಲಾಗಿ ಎಸಿ30ಗಳನ್ನು ನಿಲ್ಲಿಸಿಕೊಂಡು ನುಡಿಸಿದ್ದು ಇಂಥ ಸ್ಪೀಕರ್‌ಗಳ ಮೇಲೇ.

ಹಾಗಂತ 20 ವ್ಯಾಟ್ ಆಂಪ್‌ಗೆ 200 ವ್ಯಾಟ್ ಸ್ಪೀಕರ್ ಹಾಕಿದರೆ ತಪ್ಪಲ್ಲ, ಆದರೆ ಸದ್ದಿನ ಸ್ವಭಾವ ಬೇರೆಯಾಗುತ್ತದೆ. ಕಡಿಮೆ ವ್ಯಾಟ್‌ನ ಸ್ಪೀಕರ್ ಸ್ವಲ್ಪ ಒತ್ತಿದರೂ ತಾನೂ ಸೇರಿ ಹಾಡುತ್ತದೆ, ಅಂಚು ಮೆತ್ತಗಾಗುತ್ತದೆ. ದೊಡ್ಡ ವ್ಯಾಟ್‌ನದ್ದು ಕದಲದೆ ನಿಲ್ಲುತ್ತದೆ. ಕ್ಲೀನ್ ಬೇಕು, ಪೆಡಲ್ ಮೇಲೆ ಎಲ್ಲ ಸದ್ದು ಕಟ್ಟುತ್ತೀರಿ ಅಂದರೆ ಕದಲದ್ದೇ ಒಳ್ಳೆಯದು.

ನಿಜವಾಗಿ ಸದ್ದಿನ ಜೋರು ಹೇಳುವುದು ಡೆಸಿಬೆಲ್ ಅಂಕಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದದ್ದು ಅದು. 97 ಮತ್ತು 100ರ ನಡುವೆ ಏನು ಮಹಾ ವ್ಯತ್ಯಾಸ ಅನಿಸುತ್ತದೆ ಅಲ್ವಾ? ಆ ಮೂರು ಡೆಸಿಬೆಲ್ ಅಂದರೆ ನಿಮ್ಮ 20 ವ್ಯಾಟ್ ಆಂಪ್ 40 ವ್ಯಾಟ್ ಆದಷ್ಟು. ಡ್ರಮ್ಮರ್ ಜೊತೆ ಕೇಳಿಸುತ್ತಿಲ್ಲ ಅಂತ ದೊಡ್ಡ ಆಂಪ್ ಕೊಳ್ಳುವ ಯೋಚನೆಯಲ್ಲಿ ಇದ್ದವರು 100 ಡೆಸಿಬೆಲ್‌ನ ಸ್ಪೀಕರ್ ಹಾಕಿ ನೋಡಲಿ. ಪಕ್ಕದ ಮನೆಯವರು ಗೋಡೆ ತಟ್ಟುತ್ತಿದ್ದಾರೆ ಅನ್ನುವವರು 97ರ ಕಡೆ ಹೋಗಲಿ, ಆಂಪ್‌ನ ವಾಲ್ಯೂಮ್ ಒಂದು ಹೆಜ್ಜೆ ಏರಿಸಿ ವಾಲ್ವ್‌ಗಳನ್ನು ಸ್ವಲ್ಪ ಎಬ್ಬಿಸಬಹುದು. ಬೇರೆ ಬೇರೆ ಕಂಪನಿಗಳು ಅಳೆಯುವ ರೀತಿ ಬೇರೆ, ಹಾಗಾಗಿ ಒಂದು ಕಂಪನಿಯ 99ನ್ನು ಇನ್ನೊಂದರ 100ರ ಜೊತೆ ಹಿಡಿದು ಜಗಳ ಆಡುವುದರಲ್ಲಿ ಅರ್ಥವಿಲ್ಲ.

ಹೆಸರುಗಳ ಹಿಂದಿನ ಸ್ವಭಾವ

ದೊಡ್ಡದಾಗಿ ಎರಡು ಮನೆತನ ಅಂದುಕೊಳ್ಳಿ. ಇಂಗ್ಲೆಂಡಿನದು ಒಂದು, ಅಮೆರಿಕದ್ದು ಒಂದು. ಇಂಗ್ಲೆಂಡ್ ಅಂದರೆ ಮುಖ್ಯವಾಗಿ ಸೆಲೆಷನ್, ವೋಕ್ಸ್ ಮತ್ತು ಮಾರ್ಷಲ್ ಆಂಪ್‌ಗಳ ಜೊತೆ ಬೆಳೆದದ್ದು. ನಡುದನಿ ಗಟ್ಟಿ, ಡಿಸ್ಟಾರ್ಷನ್‌ಗೆ ಒಗ್ಗುತ್ತದೆ. ಅಮೆರಿಕ ಅಂದರೆ ಹಳೆಯ ಫೆಂಡರ್ ಆಂಪ್‌ಗಳ ಜೆನ್ಸೆನ್, ಈಚೆಗೆ ಕೆಂಟಕಿಯ ಎಮಿನೆನ್ಸ್. ಜೆನ್ಸೆನ್‌ನಲ್ಲಿ ಗಾಜಿನ ಹಾಗೆ ಹೊಳೆಯುವ ಮೇಲುದನಿ, ತೆರೆದ ಕ್ಲೀನ್ ಸದ್ದು. ಎಮಿನೆನ್ಸ್ ಎರಡೂ ಮನೆತನದ ಸದ್ದಿನ ಸ್ಪೀಕರ್ ಮಾಡುತ್ತದೆ, ಆದ್ದರಿಂದ ಕಂಪನಿ ನೋಡದೆ ಮಾಡೆಲ್ ನೋಡಿ.

ಸೆಲೆಷನ್‌ನ ಜಿ12ಎಂ ಗ್ರೀನ್‌ಬ್ಯಾಕ್, ಹಿಂದಿನ ಹಸಿರು ಮುಚ್ಚಳದಿಂದ ಬಂದ ಹೆಸರು. 25 ವ್ಯಾಟ್, 98 ಡೆಸಿಬೆಲ್. ಬೇಸ್ ಸ್ವಲ್ಪ ಸಡಿಲ, ನಡುದನಿ ಬೆಚ್ಚಗೆ, ಮೇಲುದನಿ ಚುಚ್ಚುವುದಿಲ್ಲ. 60ರ, 70ರ ದಶಕದ ರಾಕ್ ಕೇಳಿ ಬೆಳೆದವರಿಗೆ ಇದು ಮನೆಯ ಊಟ. 25 ವ್ಯಾಟ್ ಸಾಲದು ಅನ್ನುವವರಿಗೆ ಅದೇ ಸ್ವಭಾವದ ಜಿ12ಎಂ-65 ಕ್ರೀಮ್‌ಬ್ಯಾಕ್ ಇದೆ, 65 ವ್ಯಾಟ್, 97 ಡೆಸಿಬೆಲ್, ಕೆಳದನಿ ಇನ್ನಷ್ಟು ತುಂಬಿಕೊಂಡಿರುತ್ತದೆ. ನನ್ನ ಕ್ಯಾಬ್‌ನಲ್ಲಿ ಈಗ ಇರುವುದು ಇದೇ.

ಸೆಲೆಷನ್‌ನದ್ದೇ ಆದ ವಿಂಟೇಜ್ 30ರ ಹೆಸರು ನೋಡಿ 30 ವ್ಯಾಟ್ ಅಂದುಕೊಳ್ಳುವವರು ತುಂಬಾ ಜನ. ಅದು 60 ವ್ಯಾಟ್, 100 ಡೆಸಿಬೆಲ್. 1980ರ ದಶಕದಲ್ಲಿ ಬಂದದ್ದು, ಇವತ್ತಿಗೂ ಎಷ್ಟೋ ರಾಕ್, ಮೆಟಲ್ ಕ್ಯಾಬ್‌ಗಳಲ್ಲಿ ಇದೇ ಇರುತ್ತದೆ. ಮೇಲಿನ ನಡುದನಿಯಲ್ಲಿ ಒಂದು ಉಬ್ಬು ಇದೆ, ಆ ಉಬ್ಬಿನಿಂದಲೇ ಬ್ಯಾಂಡ್‌ನ ಗದ್ದಲದ ನಡುವೆ ಗಿಟಾರ್ ಸೀಳಿಕೊಂಡು ಬರುತ್ತದೆ. ಮಲಗುವ ಕೋಣೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ಅದೇ ಉಬ್ಬು ಕಿವಿ ತಿನ್ನುತ್ತದೆ. ನನ್ನ ಆಂಪ್‌ಗೆ ಮೊದಲೇ ಮೇಲುದನಿ ಜಾಸ್ತಿ, ಹಾಗಾಗಿ ಎಲ್ಲರೂ ಹೊಗಳುವ ಈ ಸ್ಪೀಕರ್ ನನಗೆ ಆಗಲಿಲ್ಲ. ಮಂಕು ಸದ್ದಿನ ಆಂಪ್ ಇರುವ ನನ್ನ ಗೆಳೆಯನಿಗೆ ಅದೇ ಸ್ಪೀಕರ್ ವರವಾಯಿತು. ಹೆಸರು ನೋಡಿ ಕೊಳ್ಳಬೇಡಿ ಅಂತ ನಾನು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಸೆಲೆಷನ್‌ನ ಜಿ12ಟಿ-75 ಮಾರ್ಷಲ್‌ನ 1960 ಅನ್ನುವ ಮಾಡೆಲ್‌ನ ಕ್ಯಾಬ್‌ನಲ್ಲಿ ಇರುವುದು. 75 ವ್ಯಾಟ್. ನಡುದನಿ ತಗ್ಗು, ಕೆಳಗೂ ಮೇಲೂ ಜಾಸ್ತಿ. ಒಬ್ಬರೇ ನುಡಿಸುವಾಗ ದೊಡ್ಡದಾಗಿ ಕೇಳಿಸುತ್ತದೆ, ಬ್ಯಾಂಡ್ ಸೇರಿದ ಕೂಡಲೇ ಕಳೆದುಹೋಗುವ ಅಪಾಯ ಇದೆ. ಫೆಂಡರ್ ತರಹದ ಕ್ಲೀನ್ ಬೇಕಾದರೆ ಜೆನ್ಸೆನ್ ಸಿ12ಎನ್ 50 ವ್ಯಾಟ್, ಸಿ12ಕೆ 100 ವ್ಯಾಟ್, ಎರಡನೆಯದು ಒಡೆಯದೆ ಜಾಸ್ತಿ ಹೊತ್ತು ನಿಲ್ಲುತ್ತದೆ. ಹೆಂಪ್ ನಾರಿನ ಕೋನ್‌ನ ಸ್ಪೀಕರ್‌ಗಳು ಮೇಲುದನಿಯನ್ನು ಚೆನ್ನಾಗಿ ಮೆತ್ತಗೆ ಮಾಡುತ್ತವೆ, ಚುಚ್ಚುವ ಆಂಪ್ ಇರುವವರು ಒಮ್ಮೆ ಕೇಳಿ ನೋಡಬೇಕು.

ಅಯಸ್ಕಾಂತದ ಬಗ್ಗೆ ಚುಟುಕಾಗಿ. ಆಲ್ನಿಕೋ ದುಬಾರಿ, ಜೋರಾಗಿ ಒತ್ತಿದಾಗ ಸದ್ದು ಮೆಲ್ಲಗೆ ಅಮುಕಿಕೊಂಡ ಹಾಗೆ ಬರುತ್ತದೆ ಅಂತ ಅದನ್ನು ಇಷ್ಟಪಡುತ್ತಾರೆ. ಸೆರಾಮಿಕ್ ಅಗ್ಗ, ಭಾರ, ಮೇಲೆ ಹೇಳಿದವುಗಳಲ್ಲಿ ಬ್ಲೂ ಬಿಟ್ಟು ಉಳಿದದ್ದೆಲ್ಲ ಅದೇ. ನಿಯೋಡಿಮಿಯಮ್ ತುಂಬಾ ಹಗುರ. ವಿಂಟೇಜ್ 30 ಒಂದೇ ಸುಮಾರು 4.7 ಕೆ.ಜಿ. ತೂಗುತ್ತದೆ, ನಿಯೋ ಕ್ರೀಮ್‌ಬ್ಯಾಕ್ ಸುಮಾರು 2 ಕೆ.ಜಿ. ಹೊರದೇಶದಲ್ಲಿರುವ ಅಕ್ಕನೋ ಭಾವನೋ ಸೂಟ್‌ಕೇಸ್‌ನಲ್ಲಿ ತರಬೇಕಾದರೆ ಈ ವ್ಯತ್ಯಾಸ ದೊಡ್ಡದು. ಮೂರನೇ ಮಹಡಿಗೆ ಕ್ಯಾಬ್ ಹೊರುವವರಿಗೂ ಅಷ್ಟೆ.

ಪೆಟ್ಟಿಗೆಯನ್ನು ಮರೆಯಬೇಡಿ

ಅದೇ ಸ್ಪೀಕರ್ ಹಿಂದೆ ತೆರೆದ ಪೆಟ್ಟಿಗೆಯಲ್ಲಿ ಒಂದು ರೀತಿ, ಮುಚ್ಚಿದ್ದರಲ್ಲಿ ಇನ್ನೊಂದು ರೀತಿ. ತೆರೆದದ್ದರಲ್ಲಿ ಹಿಂದಿನಿಂದಲೂ ಸದ್ದು ಬಂದು ಕೋಣೆ ತುಂಬುತ್ತದೆ, ಆದರೆ ಮುಂದಿನ ಮತ್ತು ಹಿಂದಿನ ಕೆಳದನಿಗಳು ಒಂದನ್ನೊಂದು ಸ್ವಲ್ಪ ಅಳಿಸುತ್ತವೆ, ಬೇಸ್ ಹಗುರವಾಗುತ್ತದೆ. ಮುಚ್ಚಿದ್ದರಲ್ಲಿ ಎದೆಗೆ ಗುದ್ದುವ ಬೇಸ್ ಸಿಗುತ್ತದೆ, ಸದ್ದು ನೇರ ಮುಂದಕ್ಕೆ ಹೋಗುತ್ತದೆ. ಆರು ತಂತಿಯ ಗಿಟಾರ್‌ನ ಕೆಳಗಿನ ಇ ಸುಮಾರು 82 ಹರ್ಟ್ಸ್, ಏಳು ತಂತಿಯದ್ದರ ಬಿ ಸುಮಾರು 62. ಅಷ್ಟು ಕೆಳಗೆ ಟ್ಯೂನ್ ಮಾಡಿ ಮೆಟಲ್ ನುಡಿಸುವವರಿಗೆ ಮುಚ್ಚಿದ ಪೆಟ್ಟಿಗೆಯೇ ಸರಿ, ಸಡಿಲ ಬೇಸ್‌ನ ಗ್ರೀನ್‌ಬ್ಯಾಕ್ ಅವರಿಗೆ ಬೇಡ.

ಪೆಟ್ಟಿಗೆಯನ್ನು ಊರಿನ ಬಡಗಿ ಹತ್ತಿರ ಮಾಡಿಸಬಹುದು, ನಾನೂ ಒಂದನ್ನು ಮಾಡಿಸಿದ್ದೇನೆ. 18 ಮಿ.ಮೀ. ಒಳ್ಳೆ ಪ್ಲೈವುಡ್ ಕೇಳಿ, ಮೂಲೆಗಳು ಗಾಳಿ ಬಿಡದ ಹಾಗೆ ಕೂರಿಸಲು ಹೇಳಿ. ಸೆಲೆಷನ್‌ನ 12 ಇಂಚಿನದ್ದಕ್ಕೆ ಮುಂದಿನ ಹಲಗೆಯಲ್ಲಿ 283 ಮಿ.ಮೀ. ಅಗಲದ ತೂತು ಬೇಕು. 12 ಇಂಚು ಅಂದ ಕೂಡಲೇ ಬಡಗಿ 305 ಮಿ.ಮೀ. ಕೊರೆದುಬಿಟ್ಟರೆ ಸ್ಕ್ರೂ ಹಾಕಲು ಮರವೇ ಉಳಿಯುವುದಿಲ್ಲ, ಅದಕ್ಕೆ ಅಳತೆಯ ಕಾಗದವನ್ನು ಕೈಗೆ ಕೊಟ್ಟು ಎದುರಿಗೆ ನಿಂತು ಗುರುತು ಹಾಕಿಸಿ. ಆಂಪ್, ಸ್ಪೀಕರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಕಾಂಬೋ ಆಂಪ್ ಆದರೆ ಹೊಸ ಸ್ಪೀಕರ್‌ನ ಆಳವನ್ನೂ ನೋಡಿ, ದೊಡ್ಡ ಅಯಸ್ಕಾಂತ ಟ್ರಾನ್ಸ್‌ಫಾರ್ಮರ್‌ಗೋ ವಾಲ್ವ್‌ಗೋ ತಾಗಬಹುದು.

ಕೇಳದೆ ಕೊಳ್ಳುವುದು ಹೇಗೆ

ನಮ್ಮಲ್ಲಿ ಅಂಗಡಿಗೆ ಹೋಗಿ ನಾಲ್ಕು ಸ್ಪೀಕರ್ ಒಂದರ ಪಕ್ಕ ಒಂದು ಇಟ್ಟು ಕೇಳುವ ಭಾಗ್ಯ ಸುಲಭಕ್ಕೆ ಸಿಗುವುದಿಲ್ಲ. ಆದರೆ ಒಂದು ದಾರಿ ಇದೆ. ಸ್ಪೀಕರ್‌ನ ಸ್ವಭಾವವನ್ನು ಮೈಕ್‌ನಲ್ಲಿ ಹಿಡಿದು ಮಾಡಿದ ಐಆರ್ (ಇಂಪಲ್ಸ್ ರೆಸ್ಪಾನ್ಸ್) ಫೈಲ್‌ಗಳು ಸಿಗುತ್ತವೆ, ಸೆಲೆಷನ್ ತನ್ನ ಸ್ಪೀಕರ್‌ಗಳದ್ದನ್ನು ತಾನೇ ಮಾರುತ್ತದೆ, ಬೇರೆಯವರು ಮಾಡಿದ ಉಚಿತ ಫೈಲ್‌ಗಳೂ ಬೇಕಾದಷ್ಟಿವೆ. ನಿಮ್ಮ ಗಿಟಾರನ್ನು ಒಂದೆರಡು ನಿಮಿಷ ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡಿ, ಆಂಪ್ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಆಂಪ್‌ಗೆ ಹತ್ತಿರದ್ದು ಆರಿಸಿ, ಐಆರ್ ಮಾತ್ರ ಬದಲಿಸುತ್ತಾ ಕೇಳಿ. ಹೆಸರು ನೋಡದೆ ಕೇಳಿದರೆ ಇನ್ನೂ ಒಳ್ಳೆಯದು, ಯಾರಾದರೂ ಬದಲಿಸಲಿ, ನೀವು ಕಣ್ಣು ಮುಚ್ಚಿ "ಇದು, ಇದಲ್ಲ" ಅನ್ನಿ. ನಾನು ಹೀಗೆ ಮಾಡಿದಾಗ ಮೂರು ಸಲಕ್ಕೆ ಮೂರು ಸಲವೂ ಕ್ರೀಮ್‌ಬ್ಯಾಕ್‌ಗೇ ಕೈ ಎತ್ತಿದ್ದೆ.

ಐಆರ್ ಹೇಳುವುದು ಮೈಕ್ ಕೇಳಿದ ಸದ್ದನ್ನು. ಕೋಣೆಯಲ್ಲಿ ನಿಮ್ಮ ಕಾಲಿಗೆ ಬಡಿಯುವ ಗಾಳಿ, ಜೋರಾಗಿ ಒತ್ತಿದಾಗ ಕೋನ್‌ನ ಸದ್ದು ಒಡೆದು ಬರುವ ರೀತಿ ಅದರಲ್ಲಿ ಇರುವುದಿಲ್ಲ. ಆದರೂ ಚುಚ್ಚುತ್ತದೆಯೋ ಇಲ್ಲವೋ, ನಡುದನಿ ಉಬ್ಬೋ ತಗ್ಗೋ ಅನ್ನುವುದು ಖಂಡಿತ ಗೊತ್ತಾಗುತ್ತದೆ. ಆಮೇಲೆ ಆ ಸ್ಪೀಕರ್ ಇರುವ ಜಾಮ್ ರೂಮ್ ಹುಡುಕಿ, ನಿಮ್ಮದೇ ಆಂಪ್ ಹೊತ್ತುಕೊಂಡು ಹೋಗಿ, ಒಂದು ಗಂಟೆಯ ಬಾಡಿಗೆ ಕೊಟ್ಟು ನುಡಿಸಿ ಬನ್ನಿ. ಆ ಬಾಡಿಗೆ ತಪ್ಪು ಸ್ಪೀಕರ್‌ನ ಬೆಲೆಯ ಮುಂದೆ ಏನೂ ಅಲ್ಲ.

ಎರಡು ಸ್ಪೀಕರ್ ಹಾಕುವವರು ಬೇರೆ ಬೇರೆ ಜಾತಿಯದ್ದನ್ನು ಬೆರೆಸಬಹುದು. ವಿಂಟೇಜ್ 30ರ ಪಕ್ಕ ಗ್ರೀನ್‌ಬ್ಯಾಕ್ ಇಟ್ಟರೆ ಒಂದರ ಮೊನಚನ್ನು ಇನ್ನೊಂದು ತಣಿಸುತ್ತದೆ. ಓಮ್ ಎರಡಕ್ಕೂ ಒಂದೇ ಇರಲಿ, ಡೆಸಿಬೆಲ್ ಮೂರಕ್ಕಿಂತ ಜಾಸ್ತಿ ದೂರ ಬೇಡ, ಇಲ್ಲದಿದ್ದರೆ ಒಂದು ಮಾತ್ರ ಕೇಳಿಸುತ್ತದೆ. ವ್ಯಾಟ್ ಲೆಕ್ಕ ಹಾಕುವಾಗ ಚಿಕ್ಕದ್ದನ್ನು ಎರಡರಿಂದ ಗುಣಿಸಿ. 25 ಮತ್ತು 60 ಬೆರೆಸಿದರೆ ಆ ಕ್ಯಾಬ್ 50 ವ್ಯಾಟ್‌ನದ್ದು, 85 ಅಲ್ಲ.

ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಕೋನ್‌ನ ಎರಡೂ ಬದಿ ಬೆರಳುಗಳನ್ನು ಹರಡಿ, ಸಮವಾಗಿ, ಮೆಲ್ಲಗೆ ಒಳಗೆ ಒತ್ತಿ ಬಿಡಿ. ಮೌನವಾಗಿ ಹೋಗಿ ಬರಬೇಕು. ಮರಳು ಉಜ್ಜಿದ ಹಾಗೆ ಸದ್ದು ಬಂದರೆ ಸುರುಳಿ ತಾಗುತ್ತಿದೆ, ಬೇಡ ಅನ್ನಿ. ಸುಟ್ಟ ವಾಸನೆ ಬಂದರೂ ಬೇಡ. ಕರಾವಳಿ, ಮಲೆನಾಡಿನ ಕಡೆಯಿಂದ ಬಂದ ಸ್ಪೀಕರ್ ಆದರೆ ಕೋನ್‌ನ ಹಿಂಬದಿಯನ್ನು ಟಾರ್ಚ್ ಹಾಕಿ ನೋಡಿ, ಮಳೆಗಾಲದ ತೇವಕ್ಕೆ ಕಾಗದದ ಮೇಲೆ ಬೂಷ್ಟು ಬಂದಿರಬಹುದು.

ಕೂರಿಸುವ ದಿನ

ಕ್ಯಾಬನ್ನು ಚಾಪೆಯ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ. ಆಂಪ್‌ನ ವೈರ್ ಕಿತ್ತಿಡಿ. ಹಿಂದಿನ ಹಲಗೆ ತೆಗೆದ ಕೂಡಲೇ ಯಾವ ಬಣ್ಣದ ವೈರ್ ಪ್ಲಸ್‌ಗೆ ಇದೆ ಅಂತ ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ, ನಾನು ಕಲಿತದ್ದು. ನನ್ನ ಮೊದಲ ಸ್ಪೀಕರ್‌ನ ಕೊನೆಯ ಸ್ಕ್ರೂ ಬಿಗಿಯುತ್ತಿದ್ದೆ. ಸ್ಕ್ರೂಡ್ರೈವರ್ ಸ್ವಲ್ಪ ವಾಲಿತು, ಅಯಸ್ಕಾಂತ ಅದನ್ನು ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯಿತು, ಫಟ್ ಅಂತ ಸದ್ದು. ನೋಡಿದರೆ ಕೋನ್‌ನಲ್ಲಿ ಬೆರಳಿನಷ್ಟು ಉದ್ದ ಸೀಳು. ಜಾಮ್ ರೂಮ್ ನೋಡಿಕೊಳ್ಳುವ ಅಣ್ಣನಿಗೆ ಫೋನ್ ಮಾಡಿದೆ. "ಗಾಬರಿ ಆಗ್ಬೇಡಪ್ಪಾ, ಟಿಶ್ಯೂ ಪೇಪರ್ ಇದ್ಯಾ, ಫೆವಿಕಾಲ್ ಇದ್ಯಾ?" ಅಂದರು. ಅವರು ಹೇಳಿದ ಹಾಗೆ ಫೆವಿಕಾಲ್‌ಗೆ ಸ್ವಲ್ಪ ನೀರು ಬೆರೆಸಿ, ಟಿಶ್ಯೂವಿನ ಒಂದೇ ಪದರವನ್ನು ಸೀಳಿಗಿಂತ ಸ್ವಲ್ಪ ದೊಡ್ಡದಾಗಿ ಕೈಯಲ್ಲೇ ಹರಿದು (ಕತ್ತರಿಸಿದರೆ ಅಂಚು ಎದ್ದು ನಿಲ್ಲುತ್ತದೆ), ಹಿಂದಿನಿಂದ ಅಂಟಿಸಿ ಒಂದು ರಾತ್ರಿ ಒಣಗಲು ಬಿಟ್ಟೆ. ಆ ಸ್ಪೀಕರ್ ಇವತ್ತಿಗೂ ನುಡಿಯುತ್ತಿದೆ. ಆದರೆ ನೀವು ಅಷ್ಟು ದೂರ ಹೋಗಬೇಡಿ. ಸ್ಕ್ರೂ ಬಿಗಿಯುವಾಗ ಕೋನ್ ಮೇಲೆ ಒಂದು ದಪ್ಪ ರಟ್ಟು ಮುಚ್ಚಿ, ಒಂದು ಕೈ ಯಾವಾಗಲೂ ಸ್ಕ್ರೂಡ್ರೈವರ್‌ನ ತುದಿಯ ಹತ್ತಿರ ಇರಲಿ.

ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಯಿರಿ, ಕಾರಿನ ಚಕ್ರಕ್ಕೆ ಹಾಕುವ ಹಾಗೆ. ಮೊದಲು ಎಲ್ಲವನ್ನೂ ಬೆರಳಲ್ಲಿ, ಆಮೇಲೆ ಕೈಯಲ್ಲಿ ಕಾಲು ಸುತ್ತು. ಡ್ರಿಲ್ ಮೆಷಿನ್ ಬೇಡ. ಜಾಸ್ತಿ ಬಿಗಿದರೆ ಸ್ಪೀಕರ್‌ನ ಚೌಕಟ್ಟು ಸೊಟ್ಟಗಾಗಿ ಸುರುಳಿ ಉಜ್ಜತೊಡಗುತ್ತದೆ.

ಎರಡು ಸ್ಪೀಕರ್ ಇದ್ದರೆ ಒಂದು ಪೆನ್‌ಟಾರ್ಚ್ ಸೆಲ್ ತಗೊಳ್ಳಿ, 1.5 ವೋಲ್ಟ್‌ನದ್ದು. ಕೇಬಲ್‌ನ ಜಾಕ್ ಮೂತಿಗೆ ಸೆಲ್‌ನ ಪ್ಲಸ್, ಬುಡಕ್ಕೆ ಮೈನಸ್ ಒಂದೇ ಕ್ಷಣ ಮುಟ್ಟಿಸಿ. ಎರಡೂ ಕೋನ್ ಒಟ್ಟಿಗೆ ಮುಂದಕ್ಕೆ ಚಿಮ್ಮಬೇಕು. ಒಂದು ಮುಂದೆ ಒಂದು ಹಿಂದೆ ಹೋದರೆ ಒಂದರ ವೈರ್ ತಿರುಗುಮುರುಗಾಗಿದೆ, ಹಾಗೇ ಬಿಟ್ಟರೆ ಬೇಸ್ ಮಾಯವಾಗುತ್ತದೆ. ಆಂಪ್‌ನಿಂದ ಕ್ಯಾಬ್‌ಗೆ ಗಿಟಾರ್ ಕೇಬಲ್ ಹಾಕಬೇಡಿ, ನೋಡಲು ಒಂದೇ ತರಹ ಇದ್ದರೂ ಅದರ ಒಳಗಿನ ತಂತಿ ತೆಳು. ಸ್ಪೀಕರ್ ಕೇಬಲ್ ಅಂತಲೇ ಕೇಳಿ ತನ್ನಿ.

ಹೊಸ ಸ್ಪೀಕರ್ ಮೊದಲ ದಿನ ಬಿಗುವಾಗಿ, ಸ್ವಲ್ಪ ಗಡುಸಾಗಿ ಕೇಳಿಸುತ್ತದೆ. ಹೊಸ ಚಪ್ಪಲಿಯ ಹಾಗೆ ಅದೂ ಪಳಗಬೇಕು. ಮಧ್ಯಮ ವಾಲ್ಯೂಮ್‌ನಲ್ಲಿ ಹತ್ತಿಪ್ಪತ್ತು ಗಂಟೆ ನುಡಿಸಿ, ಅಂಚಿನ ಕಾಗದ ಸಡಿಲವಾದ ಮೇಲೆ ತೀರ್ಮಾನ ಮಾಡಿ. ಇನ್ನೊಂದು ಮಾತು, ಗಿಟಾರ್ ಸ್ಪೀಕರ್‌ನ ಮೇಲುದನಿ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಕ್ಯಾಬ್ ನೆಲದ ಮೇಲೆ, ನೀವು ನಿಂತುಕೊಂಡು ಕೇಳಿದರೆ ಆ ಬೆಳಕು ನಿಮ್ಮ ಮೊಣಕಾಲಿಗೆ ಬೀಳುತ್ತದೆ, ನೀವು ಟ್ರೆಬಲ್ ಏರಿಸುತ್ತೀರಿ, ಎದುರಿಗೆ ಕೂತವರ ಕಿವಿ ಹರಿಯುತ್ತದೆ. ಕ್ಯಾಬನ್ನು ಒಂದು ಸ್ಟೂಲ್ ಮೇಲಿಡಿ ಅಥವಾ ಹಿಂದಕ್ಕೆ ವಾಲಿಸಿ, ಕಿವಿಯ ನೇರಕ್ಕೆ ಬರುವ ಹಾಗೆ ಮಾಡಿ ಆಮೇಲೆ ನಾಬ್ ಮುಟ್ಟಿ.

ತೆಗೆದ ಹಳೆಯ ಸ್ಪೀಕರನ್ನು ಕೂಡಲೇ ಮಾರಬೇಡಿ. ಅದರ ಹಿಂದೆ ಒಂದು ಟೇಪ್ ಅಂಟಿಸಿ ಓಮ್ ಎಷ್ಟು, ಯಾವ ಆಂಪ್‌ನದ್ದು, ಯಾವತ್ತು ತೆಗೆದದ್ದು ಅಂತ ಬರೆದು, ಹೊಸದು ಬಂದ ರಟ್ಟಿನ ಪೆಟ್ಟಿಗೆಯಲ್ಲೇ, ತೇವ ಹೀರುವ ಒಂದೆರಡು ಸಿಲಿಕಾ ಪೊಟ್ಟಣ ಹಾಕಿ, ಅಯಸ್ಕಾಂತ ಕೆಳಗೆ ಬರುವ ಹಾಗೆ ಮಲಗಿಸಿ ಇಡಿ.